ಎರಡನೇ ಟ್ರ್ಯಾಕು

ಗ್ರಿಮ್ಸ್‌ಬಿಯ ಫ್ರೀಮನ್ ಬೀದಿ. ಒತ್ತೆಯಂಗಡಿಯ ಗಾಜಿನ ಕೆಳಗೆ
ಗಿಟಾರು, ಮದುವೆಯುಂಗುರ, ಯಾರದೋ ಡ್ರಿಲ್ಲು,
ನಡುವೆ ಮೂರು ರೆಕಾರ್ಡರು.
ಡೆಸ್ಮಂಡ್ ಒಂದೊಂದನ್ನೇ ಎತ್ತಿ
ಎಣ್ಣೆನೀರು ಕಂಡ ಕೂಸಿನ ಹಾಗೆ ಬಟ್ಟೆಯ ಮೇಲೆ ಮಲಗಿಸಿದ.
ಕಿಸೆಯಲ್ಲಿ ಇನ್ನೂರ ಎಂಬತ್ತು ಪೌಂಡು,
ಅದರಲ್ಲಿ ನಲವತ್ತು ಗ್ವೆನ್ ಕೊಟ್ಟ ಸಾಲ.

ಮೊದಲನೆಯದು ಅಂಗೈಯಗಲ.
ಕ್ಯಾಮೆರಾದ ಹೊಟ್ಟೆಗೆ ತಿರುಪಿದರೆ ಭಾರವೇ ಇಲ್ಲ.
ಆದರೆ ಹೆಡ್‌ಫೋನು ಹಾಕಿ ಮಟ್ಟ ಏರಿಸಿ ನೋಡಿ,
ಸುಮ್ಮನಿದ್ದಾಗಲೂ ಸುಮ್ಮನಿರದು:
ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ
ಸುಂಯ್ ಸುಂಯ್.

ಎರಡನೆಯದಕ್ಕೆ ಗುಂಡಿಗಳೇ ಇಲ್ಲ, ಬರೀ ಬೆಳಗುವ ಗಾಜು.
ಮೂವತ್ತೆರಡು ಬಿಟ್ ಅಂತೆ. ಪಿಸುಗುಟ್ಟಿ, ಅರಚಿ,
ದನಿ ಒಡೆಯುವುದೇ ಇಲ್ಲ,
'ಎಲ್ಲ ಆಮೇಲೆ ಸರಿಮಾಡ್ಕೋಬಹುದು' ಎಂದ ಡೆಸ್ಮಂಡ್.
ಆಮೇಲೆ ಸರಿಮಾಡಬಹುದು ಅಂದುಕೊಂಡೇ
ಏನೇನು ಹಾಳುಮಾಡಿಕೊಂಡಿದ್ದೇನೆಂದು ಅವನಿಗೆ ಹೇಳಲಿಲ್ಲ.
ಮೇಲಾಗಿ ಹೊಗೆಮನೆಯಲ್ಲಿ ಬೆರಳಿಗೆಲ್ಲ ಮೀನೆಣ್ಣೆ.
ಗಾಜು ನನ್ನ ಮಾತು ಕೇಳೀತೆ?

ಮೂರನೆಯದು ಇಟ್ಟಿಗೆ.
ನಾಲ್ಕು ಸಾಕೆಟ್ಟು, ನಾಲ್ಕು ಗಟ್ಟಿ ಗುಂಡಿ,
ಮೂಲೆಯಲ್ಲಿ ಬಣ್ಣ ಸವೆದು ಹಿತ್ತಾಳೆ ಇಣುಕಿದೆ.
ಎಂಟು ಬ್ಯಾಟರಿ ನುಂಗಿ ಮೂರೇ ಗಂಟೆಗೆ ಮತ್ತೆ ಹಸಿಯುವ ಬಕಾಸುರ.
ಹೆಗಲಿಗೇ ಬೇಕು ಅದು.
ಗ್ವೆನ್ ಮುಖ ಸಿಂಡರಿಸಿದಳು:
'ನಾನು ದೋಣಿ, ನೀನು ಹಿಂದೆ ಎಳೆಯೋ ಲಂಗರು.'

ಹೋದ ವಾರ ಕ್ಯಾಮೆರಾದ್ದೇ ಮೈಕಿನಲ್ಲಿ
ಒಂದು ಬೆಳಗ್ಗೆಯನ್ನು ಹಿಡಿದಿದ್ದೆವು.
ನಾರ್ಮನ್ ಹ್ಯಾಡಕ್ ಮೀನುಗಳನ್ನು ಸಲಾಕೆಗೆ ಪೋಣಿಸುತ್ತ
ಓಕ್ ಹೊಟ್ಟಿನ ಹದ ಹೇಳುತ್ತಾನೆ, ಅಪ್ಪನ ಚಿಮಣಿಯ ಕಥೆ,
ನಲವತ್ತೊಂದು ವರ್ಷಕ್ಕೆ ಒಂದೇ ದಿನ ರಜೆ.
ಪಕ್ಕದಲ್ಲಿ ಬೆರಿಲ್, ಚಾಕು, ಬಗ್ಗಿದ ಕತ್ತು.
ಅವಳ ತುಟಿ ಅಲುಗುವುದು ಪರದೆಯ ಮೇಲೆ ಕಾಣುತ್ತದೆ.
ದನಿ? ನಾರ್ಮನ್, ಕಡಲಹಕ್ಕಿ, ಫ್ಯಾನು, ನಾರ್ಮನ್.
ಹಿಂದೆ ಮುಂದೆ ಎಷ್ಟು ಸಲ ಓಡಿಸಿದೆನೋ.
ಹಾಲು ನೀರು ಬೇರ್ಪಡಿಸುವುದಕ್ಕೆ ನಾನೇನು ಹಂಸವೆ?

ಹಾಗಾಗಿ ಇಟ್ಟಿಗೆಗೆ ಎರಡು ಮೈಕು ಸಿಕ್ಕಿಸಿ
ಡೆಸ್ಮಂಡನಿಗೆ ಪೇಪರು ಕೊಟ್ಟೆ: 'ಗಟ್ಟಿಯಾಗಿ ಓದಿ.'
ಗ್ವೆನ್‌ಗೆ ಹೇಳಿದೆ: 'ನಿನ್ನಷ್ಟಕ್ಕೆ ಏನಾದರೂ ಗೊಣಗು.'
ಅವನು ಫುಟ್‌ಬಾಲ್ ಸುದ್ದಿ ಕೂಗಿದ. ಅವಳು ಗೊಣಗಿದಳು.
ಆಮೇಲೆ ಒಂದನೇ ಗುಂಡಿಯನ್ನು ಸೊನ್ನೆಗಿಳಿಸಿದೆ.
ಬಾವಿಯ ನೀರು ತಿಳಿಯಾದ ಹಾಗೆ ಗ್ವೆನ್:
'ಈ ಇಟ್ಟಿಗೆ ತಗೊಂಡರೆ ನೀನೇ ಹೊರು, ನಾನಂತೂ ಹೊರೋದಿಲ್ಲ.'

ಮುನ್ನೂರ ಹತ್ತು ಅಂದ. ಇನ್ನೂರ ಎಂಬತ್ತಕ್ಕೆ ಇಳಿದ,
ಹರಕು ಜಿಪ್ಪಿನ ಚೀಲವೊಂದನ್ನು ಮೇಲೊಗ್ಗರಣೆಗೆ ಕೊಟ್ಟ.

ಮರುದಿನ ಇಬ್ಬರಿಗೂ ಕಾಲರ್ ಮೈಕು.
ಮೂರನೆಯದು ಫ್ಯಾನಿಗೆ, ನಾಲ್ಕನೆಯದು ಬಾಗಿಲಿಗೆ.
ಚಿತ್ರಕ್ಕೂ ದನಿಗೂ ಗಂಟು ಬೀಳಲೆಂದು ನಾನೇ ಚಪ್ಪಾಳೆ ತಟ್ಟಿದೆ.
ಮೀನು ಸೀಳುತ್ತಿದ್ದ ಬೆರಿಲ್ ತಲೆಯೆತ್ತಿ
'ಯಾರಿಗೆ ಅದು?' ಎಂದು ಕೇಳಿದಳಂತೆ.
ಅಲ್ಲೇ ಇದ್ದೆ, ನನಗೆ ಕೇಳಿಸಿರಲಿಲ್ಲ.

ರಾತ್ರಿ ಲಾಡ್ಜಿನ ಮಂಚದ ಮೇಲೆ ಹೆಡ್‌ಫೋನು ಹಂಚಿಕೊಂಡು ಕೂತು
ನಾರ್ಮನ್‌ನನ್ನು ಆರಿಸಿದೆವು.

ಚಾಕುವಿನ ಸರ್ ಸರ್. ಉಸಿರು.
'ಒಂದಲ್ಲ, ಒಂಬತ್ತು ದಿನ. ನಿನಗೆ ಕಾಲು ಮುರಿದಾಗ.'
ಸರ್. 'ಹೊಟ್ಟು ಅಷ್ಟು ಒದ್ದೆಯಿರಬಾರದು.'
ಸರ್. ಸರ್.
'ಅದು ನನ್ನಪ್ಪನ ಚಿಮಣಿ, ನಾರ್ಮನ್.'
ಕೋಪವಿಲ್ಲ. ಉಪ್ಪು ಎಷ್ಟೆಂದು ಹೇಳುವ ದನಿ.
ಯಾರಾದರೂ ಕೇಳಲಿ ಎಂದು ಆಡಿದ ಮಾತೇ ಅಲ್ಲ ಅದು.

ಗ್ವೆನ್ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ,
'ಇದನ್ನ ಸಿನಿಮಾದಲ್ಲಿ ಹಾಕೋಕೆ ಅವಳನ್ನ ಕೇಳಬೇಕಲ್ಲ' ಎಂದಳು.
ಕೇಳಬೇಕು. ನಾರ್ಮನ್ ಪಕ್ಕದಲ್ಲಿಲ್ಲದಾಗ.
ಅದು ಯಾವಾಗ?

ಬ್ಯಾಟರಿ ಬಿಚ್ಚಿದೆ. ಎಂಟೂ ಬೆಚ್ಚಗಿದ್ದವು,
ಚೀಲಕ್ಕೆಲ್ಲ ಹೊಗೆಯ ವಾಸನೆ.
ಎರಡನೇ ಗುಂಡಿ ಇವತ್ತು ನಿಂತಿದ್ದ ಜಾಗಕ್ಕೆ
ಉಗುರುಬಣ್ಣದ ಒಂದು ಚುಕ್ಕೆ ಇಟ್ಟೆ.